ಮಂಗ, ಮಾವ, ಪಿಸ್ಟನ್

ಚುನಾವಣೆ ಘೋಷಣೆಯಾದೊಡನೆ ನಮ್ಮ ಕರಾವಳಿಯಲ್ಲಿ ಮನಸಾರೆ ಸಂತೋಷಪಡುವವು ಮಂಗಗಳು. ನೀತಿಸಂಹಿತೆ ಜಾರಿಯಾಯಿತೆಂದರೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳನ್ನು ಠಾಣೆಗೆ ಒಯ್ದು ಠೇವಣಿ ಇಡಬೇಕು. 2024ರ ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆಯಾಯಿತು, ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಮತದಾನ ನಡೆದದ್ದು ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಅಷ್ಟೂ ಕಾಲ ಕಾರ್ಕಳ ತಾಲೂಕಿನ ನಮ್ಮ ತೋಟದಲ್ಲಿ ಬೊಂಡ ಕುಡಿದು ಚಿಪ್ಪು ಬಿಸಾಡಿದವರು ಯಾವ ಪಕ್ಷದ ಕಾರ್ಯಕರ್ತರೂ ಅಲ್ಲ. ಮತವೇ ಇಲ್ಲದವರಿಗೆ ಪ್ರಜಾಪ್ರಭುತ್ವದಿಂದ ಇಷ್ಟು ಲಾಭವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ತೋಟ ಎಂದೆನಲ್ಲ, ಅದು ಹೆಂಡತಿಯ ತವರಿನದು. ಭಾವ ಮುಂಬೈಯಲ್ಲಿ ಹೋಟೆಲು ನಡೆಸುತ್ತಾರೆ, ತೋಟವನ್ನು ಫೋನಿನಲ್ಲಿ ನೋಡಿಕೊಳ್ಳುತ್ತಾರೆ. ಠಾಣೆಗೆ ಹೋದ ಕೋವಿ ಮಾವನವರದು, ಕೇಪಿನ ಕೋವಿ. ಅವರು ಅದನ್ನು ಹಾರಿಸಿದ್ದಕ್ಕಿಂತ ಎಣ್ಣೆ ಹಚ್ಚಿ ಒರೆಸಿದ್ದೇ ಹೆಚ್ಚು. ಆದರೂ ಅವರು ಅದನ್ನು ಹೆಗಲಿಗೇರಿಸಿ ಅಂಗಳಕ್ಕೆ ಇಳಿದರೆ ಸಾಕು, ಮಂಗಗಳು ನೆರೆಮನೆಯ ತೋಟಕ್ಕೆ ಸ್ಥಳಾಂತರವಾಗುತ್ತಿದ್ದವು. ಆ ಮಳೆಗಾಲದಲ್ಲಿ ಮಾವನವರು ತೀರಿಕೊಂಡರು. ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಲೇ ಎಂದು ಅತ್ತೆಯವರನ್ನು ಕೇಳಿದೆ. ಅವರು ಬಹಳ ಮರ್ಯಾದೆಯಿಂದ, “ನಿಮ್ಮ ಕೈಗೆ ಕೋವಿಯಾ?” ಎಂದು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಕೋವಿ ಸರಕಾರದ ವಶದಲ್ಲೇ ಉಳಿಯಿತು. ತೋಟ ಮಂಗಗಳ ವಶವಾಯಿತು.

ಅತ್ತೆಯವರ ಸಂಶಯದಲ್ಲಿ ನ್ಯಾಯವಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಅಧಿಕಾರಿಯಾಗಿ ನಿವೃತ್ತನಾದವನು. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ ಉಡುಪಿಯಲ್ಲಿ ಹುಟ್ಟಿದವನಿಗೆ ಇದು ವೃತ್ತಿಯಲ್ಲ, ಜಾತಕ. ಅವೆರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ನಿವೃತ್ತಿಯ ನಂತರ ನಾನು ಹೆಂಡತಿಯ ತವರಿನಲ್ಲಿ ವಿಲೀನವಾದೆ. ಇಡೀ ಸೇವಾವಧಿಯಲ್ಲಿ ನಾನು ನಿಭಾಯಿಸಿದ ಏಕೈಕ ಯಂತ್ರ ಸ್ಟ್ಯಾಪ್ಲರ್.

ಮಂಗಗಳನ್ನು ಕೊಲ್ಲುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳ ಬೆನ್ನಿಗಿದೆ. ಕೊಲ್ಲುವ ಮನಸ್ಸೂ ಯಾರಿಗೂ ಇಲ್ಲ, ಶನಿವಾರ ಹನುಮಂತನಿಗೆ ಎಣ್ಣೆದೀಪ ಹಚ್ಚುವ ಮನೆ. ಹೆದರಿಸಬೇಕು, ಅಷ್ಟೆ. ತೀರ್ಥಹಳ್ಳಿ ತಾಲೂಕಿನ ನಲ್ಲೂರಿನ ರೈತರೊಬ್ಬರು 2019ರಲ್ಲಿ ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಓಡಾಡಿಸಿದ್ದು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅಷ್ಟಮಿಗೆ ಮನುಷ್ಯರಿಗೇ ಪಟ್ಟೆ ಬಳಿದು ಹುಲಿ ಮಾಡುವ ಪೈಂಟರುಗಳು ನಮ್ಮ ಉಡುಪಿಯಲ್ಲಿದ್ದಾರೆ, ನಾಯಿ ಯಾವ ಲೆಕ್ಕ ಎಂದು ನಾನೂ ಹೊರಟಿದ್ದೆ. ನಮ್ಮ ನಾಯಿ ಒಪ್ಪಲಿಲ್ಲ. ಬ್ರಷ್ ಕಂಡೊಡನೆ ಅದು ಹೋಗಿ ಅತ್ತೆಯವರ ಕಾಲ ಬುಡದಲ್ಲಿ ಮಲಗಿ ನನ್ನ ಮೇಲೆ ದೂರು ಕೊಟ್ಟಿತು.

ಕೊನೆಗೆ ತೋಟದ ಕೆಲಸಕ್ಕೆ ಬರುವಾತ ಎಲ್ಲಿಂದಲೋ ಒಂದು ಕಾರ್ಬೈಡ್ ಪೈಪು ತಂದುಕೊಟ್ಟ. ಪಿ.ವಿ.ಸಿ. ತುಂಡುಗಳನ್ನು ಅಂಟಿಸಿ ಹಿಂಬದಿಗೆ ಗ್ಯಾಸ್ ಲೈಟರ್ ಸಿಕ್ಕಿಸಿದ ಬಡವರ ಫಿರಂಗಿ. ಒಳಗೆ ಏನನ್ನು ಎಷ್ಟು ಹಾಕಬೇಕೆಂದು ಇಲ್ಲಿ ಬರೆಯುವುದಿಲ್ಲ, ಅತ್ತೆಯವರು ಈ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಾರೆ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ ಎಂದು ಜರ್ಮನಿಯ ಫ್ರೆಡ್ರಿಕ್ ವೋಲರ್ 1862ರಲ್ಲೇ ಕಂಡುಹಿಡಿದಿದ್ದ. ನಮ್ಮಲ್ಲಿ ಅದು ವೆಲ್ಡಿಂಗ್ ಶಾಪಿನಿಂದ ಮಾವಿನಹಣ್ಣಿನ ಮಂಡಿಗೂ ನುಗ್ಗಿತು. ಹಣ್ಣು ಮಾಗಿಸಲು ಅದನ್ನು ಬಳಸಕೂಡದೆಂಬ ಕಾನೂನಿದೆ, ಹಣ್ಣಿಗೆ ಕಾನೂನು ಗೊತ್ತಿಲ್ಲ. ಅಸಿಟಿಲೀನಿನ ಒಂದು ಕೆಟ್ಟ ಗುಣವೆಂದರೆ ಗಾಳಿಯಲ್ಲಿ ಶೇಕಡಾ ಎರಡೂವರೆಯಷ್ಟು ಬೆರೆತಿದ್ದರೂ ಸಿಡಿಯುತ್ತದೆ, ಎಂಬತ್ತರಷ್ಟಿದ್ದರೂ ಸಿಡಿಯುತ್ತದೆ. ಬೇರೆ ಹೆಚ್ಚಿನ ಅನಿಲಗಳು ಅಳತೆ ತಪ್ಪಿದರೆ ಸುಮ್ಮನಿರುತ್ತವೆ. ಇದು ಅಳತೆ ಗೊತ್ತಿಲ್ಲದವನ ಕೈಯಲ್ಲೂ ಕೆಲಸ ಮಾಡುತ್ತದೆ, ಅಪಾಯವೂ ಅಲ್ಲೇ ಇರುವುದು.

ಸದ್ದಿನ ಹುಚ್ಚು ನಮಗೊಬ್ಬರಿಗೇ ಎಂದು ನಾಚಬೇಕಾಗಿಲ್ಲ. ನೆದರ್ಲೆಂಡಿನ ಹಳ್ಳಿಗಳಲ್ಲಿ ಡಿಸೆಂಬರ್ 31ಕ್ಕೆ ಹಾಲಿನ ಕ್ಯಾನುಗಳಲ್ಲಿ ಕಾರ್ಬೈಡ್ ಸಿಡಿಸುವುದು ಊರಹಬ್ಬ. ಅಮೆರಿಕದಲ್ಲಿ ಕಾರ್ಬೈಡಿನ ಆಟಿಕೆ ಫಿರಂಗಿಯನ್ನೇ ಕಂಪನಿ ಕಟ್ಟಿ ಮಾರಿದರು. ನಾವಾದರೋ ಪುತ್ತೂರು ಬೆಡಿ, ಕುಂಬಳೆ ಬೆಡಿ ನೋಡಲು ರಾತ್ರಿಯೆಲ್ಲ ನಿದ್ದೆಗೆಟ್ಟವರು. ಆಕಾಶದಲ್ಲಿ ಗರ್ನಾಲು ಒಡೆಯದಿದ್ದರೆ ದೇವರು ಗರ್ಭಗುಡಿಯಿಂದ ಹೊರಗೆ ಬಂದದ್ದೇ ನಮಗೆ ತಿಳಿಯುವುದಿಲ್ಲ.

ಪೈಪು ಮೊದಲ ದಿನ ಧಡಾರೆಂದಿತು. ಮಂಗಗಳು ಓಡಿದವು, ನಾಯಿ ಓಡಿತು, ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡು ಗದ್ದೆಗಿಳಿಯಿತು. ಮರುದಿನ ಮಂಗಗಳು ಅರ್ಧ ದೂರ ಓಡಿದವು. ವಾರದೊಳಗೆ ದೊಡ್ಡ ಗಂಡುಮಂಗವೊಂದು ಹಲಸಿನ ಮರದ ಕವಲಿನಲ್ಲಿ ಕುಳಿತು, ನಾನು ಲೈಟರ್ ಒತ್ತುವುದನ್ನು ಕೊಂಚ ಬೇಸರದಿಂದ ಕಾಯತೊಡಗಿತು. ಸಿಡಿದ ಮೇಲೆ ಅದು ಕೆಳಗಿಳಿದು ಬಂದು ಬಾಳೆಗೊನೆಗೆ ಕೈ ಹಾಕುತ್ತಿತ್ತು. ನಾನು ಊಟದ ಗಂಟೆ ಬಾರಿಸುತ್ತಿದ್ದೇನೆ ಎಂದು ತಿಳಿದಿತ್ತೋ ಏನೋ.

ಆ ಹೊತ್ತಿಗೆ ಸರಿಯಾಗಿ ಭಾವನ ಮಗ ರಜೆಗೆ ಬಂದ. ಮಣಿಪಾಲದಲ್ಲಿ 1957ರಿಂದ ಇಂಜಿನಿಯರಿಂಗ್ ಕಲಿಸುತ್ತಿದ್ದಾರೆ, ಅದರ ಒಂದು ಪಾಲು ನಮ್ಮ ಜಗಲಿಗೂ ಬಂದು ಕುಳಿತಿತು.

“ಮಾವ, ನಿಮ್ಮ ಕೋವಿಗೆ ಬಾಗಿಲೇ ಇಲ್ಲ.”

“ಕೋವಿಗೆ ಎಂಥ ಬಾಗಿಲು ಮಾರಾಯ?”

ಅವನು ಅಡಿಕೆ ಹಾಳೆಯ ತಟ್ಟೆಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದ. ಅನಿಲ ಒಮ್ಮೆಗೇ ಪೂರ್ತಿ ಉರಿಯುವುದಿಲ್ಲ. ಕಿಡಿ ಬಿದ್ದಲ್ಲಿಂದ ಜ್ವಾಲೆ ಹಬ್ಬಬೇಕು, ಅದಕ್ಕೆ ಸೆಕೆಂಡಿನ ಸಣ್ಣದೊಂದು ಪಾಲು ಬೇಕು. ಪೈಪಿನ ಬಾಯಿ ತೆರೆದೇ ಇದ್ದರೆ ಅಷ್ಟರಲ್ಲಿ ಒಳಗಿನದು ಹೊರಗೆ ಸೋರಲು ಶುರುವಾಗುತ್ತದೆ, ಒತ್ತಡ ತುದಿ ಮುಟ್ಟುವುದೇ ಇಲ್ಲ. ಒತ್ತಡ ಏರುವವರೆಗೆ ಬಾಯಿ ಮುಚ್ಚಿರಬೇಕು, ಏರಿದ ಮೇಲೆ ಒಮ್ಮೆಲೇ ತೆರೆಯಬೇಕು. ಹಾಗೆ ತೆರೆಯುವ ಬಾಗಿಲೇ ಪಿಸ್ಟನ್ ವಾಲ್ವ್. ಸಿಲಿಂಡರಿನೊಳಗೆ ಅತ್ತಿತ್ತ ಜಾರುವ ಒಂದು ಬಿರಡೆ, ಅದರ ಮೂಗು ನಳಿಗೆಯ ಬಾಯನ್ನು ಒತ್ತಿ ಮುಚ್ಚಿರುತ್ತದೆ. ಬೆನ್ನ ಹಿಂದೆ ಗಾಳಿ ತುಂಬಿದ್ದಷ್ಟು ಹೊತ್ತು ಅದು ಕದಲದು. ಬೆನ್ನಿನ ಗಾಳಿಯನ್ನು ಬಿಟ್ಟರೆ ಮುಂದಿನ ಒತ್ತಡ ಅದನ್ನು ಹಿಂದಕ್ಕೆ ನೂಕುತ್ತದೆ. ಚಮತ್ಕಾರ ಇರುವುದು ಮುಂದೆ: ಮೂಗು ಕೂದಲೆಳೆಯಷ್ಟು ಕದಲಿತೋ ಇಲ್ಲವೋ, ಅಲ್ಲಿಯವರೆಗೆ ಅಂಚಿಗೆ ಮಾತ್ರ ತಾಗುತ್ತಿದ್ದ ಒತ್ತಡ ಈಗ ಇಡೀ ಮುಖಕ್ಕೆ ಬಡಿಯುತ್ತದೆ. ಆಮೇಲೆ ಅದನ್ನು ತಡೆಯುವವರಿಲ್ಲ. ಅರ್ಧ ತೆರೆಯುವುದು ಅದಕ್ಕೆ ಗೊತ್ತಿಲ್ಲ.

ನನಗೆ ಅರ್ಥವಾಗಲಿಲ್ಲ ಎಂದು ಮುಖದಲ್ಲಿ ಗೊತ್ತಾಗಿರಬೇಕು. ಅವನು ಬಸ್ಸಿನ ಉದಾಹರಣೆಗೆ ಬಂದ. ಕಾರ್ಕಳ-ಉಡುಪಿ ಬಸ್ಸು ಸ್ಟಾಪಿನಲ್ಲಿ ನಿಂತು ಡ್ರೈವರ್ ಬ್ರೇಕಿನಿಂದ ಕಾಲೆತ್ತಿದಾಗ ಫುಸ್ಸ್ ಎನ್ನುತ್ತದಲ್ಲ, ಅದೂ ಇದೇ ಸಂಸಾರದ ಬಾಗಿಲು. ಅಲ್ಲಿ ಪಿಸ್ಟನ್ನಿನ ಜಾಗದಲ್ಲಿ ರಬ್ಬರಿನ ಪೊರೆ, ಡ್ರೈವರ್ ಕೊಳವೆಯ ಒತ್ತಡ ಇಳಿಸಿದೊಡನೆ ಚಕ್ರದ ಬಳಿಯ ಗಾಳಿ ಅಲ್ಲೇ ಹೊರಗೆ ಹಾರುತ್ತದೆ. ಒತ್ತಡ ಏರಿದಾಗಲ್ಲ, ಇಳಿದಾಗ ಕೆಲಸ ಮಾಡಿಸುವ ಈ ಉಪಾಯವನ್ನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೈಲಿನ ಬ್ರೇಕಿಗೆ ಅಳವಡಿಸಿದ್ದ. ಬೋಗಿಗಳ ಕೊಂಡಿ ಕಳಚಿ ಕೊಳವೆ ಹರಿದರೆ ರೈಲು ತಾನಾಗಿ ನಿಲ್ಲುತ್ತಿತ್ತು. ಹಬ್ಬದ ಬ್ಯಾಂಡಿನವರ ಟ್ರಂಪೆಟ್ಟಿನಲ್ಲಿ ಬೆರಳಿಟ್ಟು ಒತ್ತುವ ಮೂರು ಗುಂಡಿಗಳೂ ಪಿಸ್ಟನ್ ವಾಲ್ವುಗಳೇ, 1839ರಲ್ಲಿ ಪ್ಯಾರಿಸಿನ ಪೆರಿನೆ ಅವಕ್ಕೆ ಈಗಿನ ರೂಪ ಕೊಟ್ಟವನು. ಇಷ್ಟೆಲ್ಲ ಕೇಳಿದ ಮೇಲೆ ನನಗೆ ಆ ವಾಲ್ವಿನ ಮೇಲೆ ಗೌರವ ಹುಟ್ಟಿತು. ನನ್ನ ಕೈಗಳ ಮೇಲೂ ಹುಟ್ಟಿತು, ಎಡವಟ್ಟಾದದ್ದು ಅಲ್ಲಿ.

ಅಷ್ಟರಲ್ಲಿ 2025ರ ದೀಪಾವಳಿ ಬಂತು. ಭೋಪಾಲದಿಂದ ಸುದ್ದಿ ಬರತೊಡಗಿತು: ಇಂಥದೇ ಕಾರ್ಬೈಡ್ ಪೈಪುಗಳನ್ನು ಬೀದಿಬದಿಯಲ್ಲಿ ಇನ್ನೂರು ರೂಪಾಯಿಯೊಳಗೆ ಮಾರಿದ್ದಾರೆ, ಮಧ್ಯಪ್ರದೇಶದಲ್ಲಿ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದ್ದಾರೆ, ಹೆಚ್ಚಿನವರು ಮಕ್ಕಳು, ಕೆಲವರ ದೃಷ್ಟಿಯೇ ಹೋಗಿದೆ. ಹೊತ್ತಿಕೊಳ್ಳಲಿಲ್ಲ ಎಂದು ಪೈಪಿನೊಳಗೆ ಇಣುಕಿದ ಹೊತ್ತಿಗೇ ಅದು ಹೊತ್ತಿಕೊಳ್ಳುತ್ತದೆ. ಬೆಂಕಿಯೊಂದೇ ಅಲ್ಲ, ಕಾರ್ಬೈಡ್ ಕರಗಿ ಉಳಿಯುವುದು ಸುಣ್ಣ, ಅದು ಕಣ್ಣಿನೊಳಗೆ ಇಳಿಯುತ್ತಲೇ ಹೋಗುತ್ತದೆ. ಹೆಂಡತಿ ಪತ್ರಿಕೆ ಮಡಚಿಟ್ಟು ನನ್ನ ಎದುರು ಬಂದು ನಿಂತಳು.

“ಇಣುಕಿದ್ದೀರಾ ಇಲ್ಲವಾ, ಸತ್ಯ ಹೇಳಿ.”

ಇಣುಕಿದ್ದೆ. ಒಮ್ಮೆಯಲ್ಲ. ಕನ್ನಡಕ ತೆಗೆದು ಇಣುಕಿದ್ದೆ, ಹತ್ತಿರದ್ದು ನೋಡಲು ನನಗೆ ಕನ್ನಡಕ ಅಡ್ಡಿ.

“ಇನ್ನು ಈ ಮನೆಯಲ್ಲಿ ಬೆಂಕಿ ಒಲೆಯಲ್ಲಿ ಮಾತ್ರ,” ಎಂದಳು. ಕಾರ್ಬೈಡ್ ಡಬ್ಬವನ್ನು ಬಾವಿಗೆ ಎಸೆಯಲು ಹೊರಟಿದ್ದ ನನ್ನನ್ನು ಅಳಿಯ ಹಾರಿ ಬಂದು ಹಿಡಿದುಕೊಂಡ. ಬಾವಿಯಲ್ಲಿರುವುದು ನೀರು ಎಂಬುದು ಆ ಗಡಿಬಿಡಿಯಲ್ಲಿ ನನಗೆ ಹೊಳೆದಿರಲಿಲ್ಲ. ಡಬ್ಬವನ್ನು ವೆಲ್ಡಿಂಗಿನವರಿಗೆ ಕೊಟ್ಟು ಬಂದೆವು. ಅಲ್ಲಿಗೆ ಮುಗಿಸಿದ್ದರೆ ಈ ಲೇಖನ ಬರೆಯುವ ಪ್ರಮೇಯವಿರಲಿಲ್ಲ. ಆದರೆ ತಟ್ಟೆಯ ಹಿಂದಿನ ಚಿತ್ರ ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಬೆಂಕಿ ಬೇಡ, ಗಾಳಿ ಸಾಕು. ಮಂಗನಿಗೆ ಏನೂ ತಾಗಬೇಕಾಗಿಲ್ಲ, ಸದ್ದು ಬಂದರಾಯಿತು. ಸೈಕಲ್ ಪಂಪಿನಿಂದ ಗಾಳಿ ತುಂಬುವುದು, ಪಿಸ್ಟನ್ ಬಾಗಿಲು ಒಮ್ಮೆಲೇ ತೆಗೆಯುವುದು. ಗಾಳಿಯಿಂದ ಯಾರಿಗೆ ಏನು ತೊಂದರೆ?

ಮೊದಲ ಪಿಸ್ಟನ್ ಹಲಸಿನ ಮರದ್ದು. ಮರ ನಮ್ಮದೇ, ಕಡೆದುಕೊಟ್ಟವರು ಕಾರ್ಕಳ ಪೇಟೆಯ ಆಚಾರಿಗಳು. ಬೆಣ್ಣೆಯಲ್ಲಿ ಜಾರಿದಷ್ಟು ಚಂದವಾಗಿ ಜಾರುತ್ತಿತ್ತು, ಆದರೆ ಒಂದು ಅಕಾಲಿಕ ಮಳೆ ಬಂದು ಹೋಯಿತು. ನಮ್ಮ ಕಡೆಯ ತೇವಕ್ಕೆ ಬಾಗಿಲು-ಕಿಟಕಿಗಳೇ ಊದಿಕೊಂಡು ಕಚ್ಚಿಕೊಳ್ಳುತ್ತವೆ, ಪಿಸ್ಟನ್ ಬಿಡುತ್ತದೆಯೇ? ಪೈಪಿನೊಳಗೆ ಅದು ಕಚ್ಚಿದ ಬಿಗಿಗೆ ಪೈಪನ್ನೇ ಗರಗಸದಲ್ಲಿ ಕುಯ್ದು ತೆಗೆಯಬೇಕಾಯಿತು. ಎರಡನೆಯದನ್ನು ನೈಲಾನಿನಲ್ಲಿ ಮಾಡಿಸಿ, ಕಚ್ಚಬಾರದೆಂದು ಮರಳುಕಾಗದದಿಂದ ಉಜ್ಜಿದೆ. ಉಜ್ಜುವುದು ಸುಖದ ಕೆಲಸ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ನಾನು ಒಂದು ಕಡೆಯಿಂದ ಪಂಪು ಒತ್ತಿದಷ್ಟೂ ಗಾಳಿ ಪಿಸ್ಟನ್ನಿನ ಸುತ್ತ ಸುತ್ತಿಕೊಂಡು ಇನ್ನೊಂದು ಕಡೆಯಿಂದ ಹೊರಗೆ ಹೋಯಿತು. ಒಳ್ಳೆಯ ವ್ಯಾಯಾಮವಾಯಿತು. ಅತ್ತೆಯವರು ಜಗಲಿಯಿಂದ, “ಸೈಕಲ್ ಎಲ್ಲಿ?” ಎಂದು ಕೇಳಿದರು.

ಕಾಪುವಿನಲ್ಲಿ ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡುವ ಒಬ್ಬರ ಪರಿಚಯವಿತ್ತು, ಹಿಂದೆ ಸಾಲ ಕೊಟ್ಟ ಋಣ. ಸ್ಕೂಟರಿನಲ್ಲಿ ಪೈಪು ಕಟ್ಟಿಕೊಂಡು ಅಲ್ಲಿಗೆ ಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಎಂಥ ಮಾರಾಯ್ರೆ, ಬೋರಿನ ಪಂಪಾ?” ಎಂದರು. ತೋಟದ ಉಪಯೋಗಕ್ಕೆ ಎಂದೆ, ಸುಳ್ಳಲ್ಲ.

“ನೀವು ಪಿಸ್ಟನ್ನನ್ನೇ ಬಿಗಿ ಮಾಡಲಿಕ್ಕೆ ಹೋಗಿದ್ದೀರಿ. ಪಿಸ್ಟನ್ ಸಡಿಲವೇ ಇರಬೇಕು. ಬಿಗಿ ಹಿಡಿಯುವುದು ಓ-ರಿಂಗಿನ ಕೆಲಸ.” ಪಿಸ್ಟನ್ನಿನ ಸುತ್ತ ಕಚ್ಚು ಕೊರೆದು ರಿಂಗ್ ಕೂರಿಸಿ ಗ್ರೀಸ್ ಸವರಿದರು. ಆಮೇಲೆ ಹಿಂದಿನ ಗಾಳಿ ಬಿಡಲು ನಾನಿಟ್ಟ ಸಣ್ಣ ನಲ್ಲಿಯನ್ನು ನೋಡಿ ನಕ್ಕರು. ಅಷ್ಟು ಸಣ್ಣ ತೂತಿನಿಂದ ಗಾಳಿ ಹೋದರೆ ಪಿಸ್ಟನ್ ಸರಕಾರಿ ಫೈಲಿನಂತೆ ಹಿಂದೆ ಸರಿಯುತ್ತದೆ, ಸದ್ದೆಲ್ಲಿಂದ ಬರಬೇಕು? ಅದನ್ನು ತೆಗೆದು ಅಗಲ ಬಾಯಿಯ ವಾಲ್ವ್ ಹಾಕಿಕೊಟ್ಟರು. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು: “ಇದು ಹಿಂದೆ ಬಂದು ಎಲ್ಲಿಗೆ ಬಡಿಯುತ್ತದೆ?”

“ಒಳಗೇ,” ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿ, ಹಳೆಯ ಟಯರಿನಿಂದ ದಪ್ಪನೆಯದೊಂದು ರಬ್ಬರ್ ಬಿಲ್ಲೆ ಕತ್ತರಿಸಿ ಕೈಯಲ್ಲಿಟ್ಟರು. “ಇದನ್ನು ಹಿಂದೆ ಹಾಕಿ. ಮರೀಬೇಡಿ.” ಬಿಲ್ಲೆಯನ್ನು ಸ್ಕೂಟರಿನ ಡಿಕ್ಕಿಗೆ ಹಾಕಿದೆ. ಕೆಲಸ ಮುಗಿದ ಹೆಮ್ಮೆಯಲ್ಲಿ ಕಡಲತೀರಕ್ಕೆ ಹೋದೆ. ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನು ನೋಡುತ್ತ, ಕಟ್ಟಿದವರು ಏನೂ ಮರೆಯದಿದ್ದುದರಿಂದಲೇ ಅದು ಇನ್ನೂ ನಿಂತಿದೆ ಎಂಬ ವಿಚಾರ ಬರಬೇಕಿತ್ತು. ಬರಲಿಲ್ಲ. ಚರುಮುರಿ ತಿಂದು ಮನೆಗೆ ಬಂದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ದಾಖಲಿಸಬೇಕು. ಅಳಿಯ 6 ಕೆ.ಜಿ. ಪೈಪು ತನ್ನಿ ಎಂದಿದ್ದ, ನಾನು 4 ಕೆ.ಜಿ.ಯದನ್ನು ತಂದಿದ್ದೆ. ಈ ಕೆ.ಜಿ. ತೂಕವಲ್ಲ, ಪ್ರತಿ ಚದರ ಸೆಂಟಿಮೀಟರಿಗೆ ಪೈಪು ತಾಳುವ ನೀರಿನ ಒತ್ತಡ. ನೀರಿನ ಒತ್ತಡ ಎಂಬುದನ್ನು ಗಮನಿಸಬೇಕು. ನೀರು ತುಂಬಿದ ಪೈಪು ಬಿರಿದರೆ ಅಂಗಳ ಒದ್ದೆಯಾಗುತ್ತದೆ. ಗಾಳಿ ಹಾಗಲ್ಲ, ಅದನ್ನು ಹಿಸುಕಿ ತುಂಬಿರುತ್ತೇವೆ, ಪೈಪು ಬಿರಿದರೆ ಅದು ಹಿಗ್ಗುತ್ತ ಚೂರುಗಳನ್ನು ಹೊತ್ತೊಯ್ಯುತ್ತದೆ. ಗಾಳಿ ತುಂಬಲು ಪಿ.ವಿ.ಸಿ. ಪೈಪನ್ನು ಯಾರೂ ಮಾಡಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂಗಡಿಯಲ್ಲಿ ಗೊತ್ತಿದ್ದದ್ದು 4 ಕೆ.ಜಿ.ಯದಕ್ಕೆ ಹಣ ಕಡಿಮೆ ಎಂಬುದಷ್ಟೆ. ಜೀವಮಾನವಿಡೀ ಇನ್ನೊಬ್ಬರ ಹಣ ಉಳಿಸಿದವನಿಗೆ ತನ್ನದನ್ನು ಉಳಿಸುವ ಚಪಲ ಸಹಜ.

“ನಾನು ಪರೀಕ್ಷೆ ಮುಗಿಸಿ ಬಂದ ಮೇಲೆಯೇ ಟೆಸ್ಟ್ ಮಾಡಿ ಮಾವ,” ಎಂದು ಅಳಿಯ ಮಣಿಪಾಲದಿಂದ ಫೋನಿನಲ್ಲಿ ಹೇಳಿದ್ದ. ಆದಿತ್ಯವಾರ ಬೆಳಿಗ್ಗೆ ಹಲಸಿನ ಮರದಲ್ಲಿ ಗಂಡುಮಂಗ ಬಂದು ಕೂತಿತು. ಅದರ ಮುಖ ನೋಡಿ ತಡೆಯಲಾಗಲಿಲ್ಲ. ಕೋವಿಯನ್ನು ಅಂಗಳದ ಕಟ್ಟೆಯ ಮೇಲೆ ಮರದ ಕಡೆಗೆ ಮುಖಮಾಡಿ ಹಗ್ಗದಿಂದ ಬಿಗಿದೆ. ನಳಿಗೆಯೊಳಗೆ ಏನನ್ನೂ ಹಾಕಲಿಲ್ಲ, ಅಷ್ಟು ವಿವೇಕ ಉಳಿದಿತ್ತು. ಪಂಪು ಒತ್ತುತ್ತ ಹೋದೆ. ನಾನು ನಿಂತದ್ದು ಪಕ್ಕದಲ್ಲಿ, ಹಿಂಬದಿಯಲ್ಲಲ್ಲ. ಅದಕ್ಕೆ ಕಾರಣ ಮುನ್ನೆಚ್ಚರಿಕೆಯಲ್ಲ, ಹಿಂಬದಿಯಲ್ಲಿ ಕೆಂಪಿರುವೆಗಳ ಸಾಲಿತ್ತು. ಆ ಇರುವೆಗಳಿಗೆ ನಾನು ಋಣಿ.

ವಾಲ್ವ್ ತಿರುಗಿಸಿದೆ.

ಅಳಿಯ ಹೇಳಿದ ಹಾಗೆಯೇ ಪಿಸ್ಟನ್ ಕೆಲಸ ಮಾಡಿತು. ಬೆನ್ನಿನ ಗಾಳಿ ಹೋಯಿತು, ಮೂಗು ಕದಲಿತು, ಇಡೀ ಮುಖಕ್ಕೆ ಒತ್ತಡ ಬಡಿಯಿತು, ಅದು ಹಿಂದಕ್ಕೆ ನೆಗೆಯಿತು. ಹಿಂದೆ ಇರಬೇಕಾಗಿದ್ದ ರಬ್ಬರ್ ಬಿಲ್ಲೆ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಪಿಸ್ಟನ್ ಹಿಂಬದಿಯ ಮುಚ್ಚಳಕ್ಕೆ ಗುದ್ದಿ, ಮುಚ್ಚಳವನ್ನೂ ಕಟ್ಟಿಕೊಂಡು ಮನೆಯ ಕಡೆಗೆ ಹೊರಟಿತು. ತೆರೆದಿದ್ದ ಬಚ್ಚಲಿನ ಬಾಗಿಲಿನಿಂದ ಒಳಗೆ ಹೋಗಿ, ಅತ್ತೆಯವರಿಗೆ ತವರಿನಿಂದ ಬಂದ ತಾಮ್ರದ ಹಂಡೆಗೆ ಬಡಿಯಿತು. ಕೋವಿ ಮಾಡಿದ ಸದ್ದು ಅಕ್ಷರಶಃ ಬಸ್ಸಿನ ಫುಸ್ಸ್. ಹಂಡೆ ಮಾಡಿದ ಸದ್ದು ಮಾತ್ರ ಢಣ್ ಎಂದು ಎದ್ದು, ಗುಡ್ಡಕ್ಕೆ ತಾಗಿ ತಿರುಗಿ ಬಂತು. ಗಂಡುಮಂಗ ಹಲ್ಲು ಕಿರಿದು ಒಂದೇ ನೆಗೆತಕ್ಕೆ ಹಲಸು ಬಿಟ್ಟು, ಹಿಂಡನ್ನೆಲ್ಲ ಕಟ್ಟಿಕೊಂಡು ತೋಡು ದಾಟಿತು.

ಹೆಂಡತಿ ಓಡಿ ಬಂದು ನನ್ನ ಕೈಕಾಲು ಎಣಿಸಿದಳು. ಅತ್ತೆಯವರು ಹಂಡೆಯ ತಗ್ಗಿಗೆ ಅಂಗೈ ಇಟ್ಟು ನೋಡಿದರು. ಕೂಗಲಿಲ್ಲ, ಗದರಲಿಲ್ಲ. “ಸ್ನಾನಕ್ಕೆ ಇನ್ನು ಒಂದು ಕೊಡಪಾನ ನೀರು ಕಡಿಮೆ ಹಿಡಿಯುತ್ತದೆ,” ಎಂದರು. “ಅದು ನಿಮ್ಮ ಪಾಲಿನದ್ದು.”

ಸಂಜೆ ಅಳಿಯನಿಗೆ ಫೋನು ಮಾಡಿದೆ. ಅವನು ಮೊದಲು ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಕೇಳಿ, ಆಮೇಲೆ ಲೆಕ್ಕ ಹೇಳಿದ. ಎರಡೂವರೆ ಇಂಚು ಅಡ್ಡಗಲದ ಪಿಸ್ಟನ್ನಿನ ಮುಖ ಸುಮಾರು 31 ಚದರ ಸೆಂಟಿಮೀಟರ್. ಒತ್ತಡ 4 ಕೆ.ಜಿ. ಎಂದರೆ ಒಟ್ಟು ತಳ್ಳು ಸುಮಾರು 125 ಕೆ.ಜಿ. ಎರಡೂವರೆ ಮೂಟೆ ಅಕ್ಕಿಯ ಭಾರ ಒಂದು ಅಂಗೈಯಗಲದ ಮುಚ್ಚಳದ ಮೇಲೆ. ಬಡ್ಡಿಯ ಲೆಕ್ಕ ಪೈಸೆ ಬಿಡದೆ ಮಾಡಿದವನು ಈ ಗುಣಾಕಾರವನ್ನು ಮಾಡಿರಲಿಲ್ಲ. “ನೀವು ಮಾಡಿದ್ದು ವಾಲ್ವ್ ಅಲ್ಲ ಮಾವ, ಸುತ್ತಿಗೆ,” ಎಂದ. ಸರಿಯಾಗಿ ಹೇಳಿದ. ಇಂಥ ವಾಲ್ವಿನಲ್ಲಿ ಬಾಗಿಲು ತೆರೆಯುವುದು ಸುಲಭದ ಕೆಲಸ. ತೆರೆದುಕೊಂಡ ಬಾಗಿಲನ್ನು ನಿಲ್ಲಿಸುವುದರಲ್ಲೇ ಕಸುಬು ಇರುವುದು. ಕಾಪುವಿನವರಿಗೆ ಅದು ನೋಡಿದೊಡನೆ ಕಂಡಿತ್ತು.

ಅಲ್ಲಿಂದ ಮಂಗಗಳ ಖಾತೆ ಅತ್ತೆಯವರಿಗೆ ವರ್ಗಾವಣೆಯಾಯಿತು. ಅವರು ಒಂದು ದಿನ ಹಂಡೆಗೆ ಸೌಟಿನಿಂದ ಬಡಿಯುತ್ತಾರೆ, ಮರುದಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸುತ್ತಾರೆ, ಇನ್ನೊಂದು ದಿನ ಏನೂ ಮಾಡದೆ ಮಾವನವರ ಹಳೆಯ ಅಂಗಿ ತೊಟ್ಟು ಕೋಲು ಹೆಗಲಿಗಿಟ್ಟು ಅಂಗಳಕ್ಕೆ ಇಳಿಯುತ್ತಾರೆ. ಸದ್ದು ದೊಡ್ಡದಾಗಿರಬೇಕೆಂದು ನಾನು ತಿಳಿದಿದ್ದೆ, ನಿನ್ನೆಯದ್ದೇ ಆಗಿರಬಾರದು ಎಂದು ಅವರು ಕಂಡುಕೊಂಡಿದ್ದಾರೆ. ಬೊಂಡ ಈಗಲೂ ಹೋಗುತ್ತದೆ, ಮೊದಲಿನಷ್ಟು ಹೋಗುವುದಿಲ್ಲ. ರಬ್ಬರ್ ಬಿಲ್ಲೆಯನ್ನು ಬಚ್ಚಲಿನ ಬಾಗಿಲಿಗೆ ತಡೆಯಾಗಿ ಇಟ್ಟಿದ್ದಾರೆ, ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ.

ಇಷ್ಟು ಓದಿದವರಲ್ಲಿ ಯಾರ ಮನೆಯಲ್ಲಾದರೂ ಕಾರ್ಬೈಡ್ ಪೈಪು ಇದ್ದರೆ ದಯವಿಟ್ಟು ಮಕ್ಕಳ ಕೈಗೆ ಕೊಡಬೇಡಿ, ನೀವೂ ಅದರ ಬಾಯಿಗೆ ಕಣ್ಣಿಡಬೇಡಿ. ಕಾರ್ಬೈಡ್ ಕಣ್ಣಿನೊಳಗೆ ಬಿದ್ದೇಬಿಟ್ಟರೆ ಉಜ್ಜದೆ, ಧಾರಾಳ ನೀರಿನಲ್ಲಿ ತೊಳೆದು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ನನ್ನ ಕೋವಿಯಲ್ಲಿ ಉಳಿದದ್ದು ಒಂದೂವರೆ ಗಜ 4 ಕೆ.ಜಿ. ಪೈಪು. ಬಸಳೆ ಚಪ್ಪರಕ್ಕೆ ಯಾರಿಗಾದರೂ ಬೇಕಾದರೆ ಬಂದು ಒಯ್ಯಬಹುದು, ಹಣ ಕೊಡಬೇಕಾಗಿಲ್ಲ. ಅತ್ತೆಯವರು ಜಗಲಿಯಲ್ಲೇ ಇರುತ್ತಾರೆ, ಯಾತಕ್ಕೆಂದು ಕೇಳಿಯೇ ಕೊಡುತ್ತಾರೆ.